ಉಗ್ರಾಣದ ಬೀಗದ ಕೈ

ಕಳೆದ ಸುಗ್ಗಿಗೆ ಮುಂಚೆ, ಒಂದು ಭಾನುವಾರದ ಸಂಜೆ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಕನ್ನಡ ಎಂ.ಎ.ಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದವಳು; ಎರಡು ವರ್ಷಗಳಿಂದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂಬ ಮಾತಿಗೆ ನಮ್ಮ ಹಿರಿಯರು ಕೊಟ್ಟ ಗೌರವವೇನು, ಇಂದಿನ ಕಾಲೇಜುಗಳಲ್ಲಿ ಅದಕ್ಕೆ ಬಂದಿರುವ ಅರ್ಥವೇನು ಎಂಬುದನ್ನು ವಾಚಕರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷದ ಕೊನೆಗೆ ಆ ಆತಿಥ್ಯ ಮುಗಿಯುತ್ತದೆ. ಮುಂದಿನ ವರ್ಷ ಮತ್ತೆ ಕರೆ ಬರಬಹುದು, ಬಾರದೆಯೂ ಇರಬಹುದು. ಹೀಗಿರಲು ಆಕೆ ಯಾವ ಪದವಿಯಾದರೂ ಸಾಕೆಂದಿದ್ದ ಜಾಹೀರಾತೊಂದನ್ನು ಕಂಡು ಪರೀಕ್ಷೆಗೆ ಕುಳಿತಿದ್ದಳು. ಧಾನ್ಯದ ಉಗ್ರಾಣವೊಂದರಲ್ಲಿ ವ್ಯವಸ್ಥಾಪಕಿಯ ಕೆಲಸಕ್ಕೆ ಆಯ್ಕೆಯೂ ಆಗಿದ್ದಳು. ಹದಿನೈದು ದಿನಗಳೊಳಗೆ ಸೇರಬೇಕು.

"ಎಂ.ಎ. ಓದಿ ಮೂಟೆ ಎಣಿಸುತ್ತೀಯಾ ಎಂದು ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದಾರೆ, ಸರ್. ಸೇರಲೋ, ಬಿಡಲೋ, ನೀವು ಹೇಳಿ" ಎಂದಳು.

ನಾನು ಕೂಡಲೆ ಉತ್ತರ ಕೊಡಲಾರದೆ ಹೋದೆ. ಅದಕ್ಕೆ ಕಾರಣ ನಡುಮನೆಯ ಬಾಗಿಲ ಬಳಿ ಕುರ್ಚಿಯ ಮೇಲೆ ಕುಳಿತು ನಮ್ಮ ಮಾತನ್ನೆಲ್ಲ ಕೇಳುತ್ತಿದ್ದ ನನ್ನ ತಂದೆ. ಅವರು ತಮ್ಮ ಜೀವನದ ಮೂವತ್ತು ವರ್ಷಗಳನ್ನು ಒಂದು ಸಹಕಾರ ಸಂಘದ ಗೋದಾಮಿನಲ್ಲಿ ಕಳೆದವರು. ನನ್ನನ್ನು ಕನ್ನಡ ಓದಲು ಕಳುಹಿಸುವಾಗ ಅವರು ಹೇಳಿದ್ದು ಒಂದೇ ಮಾತು: "ಏನಾದರೂ ಓದು, ಬೀಗದ ಕೈ ಮಾತ್ರ ಹಿಡಿಯಬೇಡ." ಆ ಮಾತಿನ ಹಿಂದಿದ್ದ ನೋವನ್ನು ಬಲ್ಲ ನಾನು ಈ ಹುಡುಗಿಗೆ ಏನು ಹೇಳಲಿ? ಎರಡು ದಿನಗಳ ಅವಕಾಶ ಕೇಳಿದೆ. ಅಂದು ಯೋಚಿಸಿದ್ದನ್ನೇ ಈಗ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆಯನ್ನು ಎದುರಿಸುವ ತರುಣರು ಇನ್ನೂ ಹಲವರು ಇರಬಹುದಷ್ಟೆ.

ಮೊದಲು ಆ "ಮೂಟೆ ಎಣಿಸುವ" ಮಾತನ್ನೇ ತೆಗೆದುಕೊಳ್ಳೋಣ. ಈ ತಾತ್ಸಾರ ನಮ್ಮಲ್ಲಿ ಹಳೆಯದಲ್ಲ. ಕಣಜ, ಹಗೇವು, ಉಗ್ರಾಣ, ಭಂಡಾರ ಎಂದು ಕೂಡಿಡುವ ತಾವಿಗೆ ನಮ್ಮ ಭಾಷೆಯಲ್ಲಿ ಎಷ್ಟು ಹೆಸರುಗಳಿವೆ! ಬಿದಿರು ಹೆಣೆದು ಸಗಣಿ ಬಳಿದ ಕಣಜ ಮನೆಯೊಳಗಿನದು. ನೆಲವನ್ನು ಅಗೆದು, ಒಳಗೆ ಹುಲ್ಲು ಹಾಸಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ ಹಗೇವು ಬರಗಾಲವನ್ನು ನೆನೆದು ಮಾಡಿಕೊಂಡದ್ದು. ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಅದನ್ನು ತೆರೆದ ಕೂಡಲೆ ಯಾರೂ ಒಳಗಿಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೊರಹೋಗಲೆಂದು ಬಹಳ ಹೊತ್ತು ಬಾಯಿ ತೆರೆದಿಟ್ಟು, ದೀಪವನ್ನು ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಮನುಷ್ಯರು ಇಳಿಯುತ್ತಿದ್ದರು. ಕಾಪಿಡುವುದು ಒಂದು ವಿದ್ಯೆಯೆಂದು, ಅದರಲ್ಲಿ ಅಪಾಯವೂ ಉಂಟೆಂದು ನಮ್ಮ ಒಕ್ಕಲು ಮಕ್ಕಳು ಯಾವ ಪುಸ್ತಕದ ನೆರವಿಲ್ಲದೆ ಅರಿತಿದ್ದರು. ಕಲ್ಯಾಣದ ಬಸವಣ್ಣನವರನ್ನು ನಾವು ಭಂಡಾರಿ ಬಸವಣ್ಣನೆಂದೇ ನೆನೆಯುತ್ತೇವಲ್ಲದೆ ಆ ಪದವಿ ಅವರಿಗೆ ಕಡಿಮೆಯಾಯಿತೆಂದು ಯಾರೂ ಎಣಿಸಿಲ್ಲ.

ಪುಸ್ತಕದ ನೆರವು ಬೇಕೆನ್ನುವವರಿಗೆ ಕೌಟಿಲ್ಯನ ಅರ್ಥಶಾಸ್ತ್ರವಿದೆ. ಅದರಲ್ಲಿ ಕೋಷ್ಠಾಗಾರಾಧ್ಯಕ್ಷನಿಗೆ, ಎಂದರೆ ಧಾನ್ಯದ ಉಗ್ರಾಣದ ಮೇಲಧಿಕಾರಿಗೆ, ಒಂದು ಅಧ್ಯಾಯವೇ ಮೀಸಲು. ಬಂದ ಧಾನ್ಯದಲ್ಲಿ ಅರ್ಧವನ್ನು ನಾಡಿನ ಜನರ ಆಪತ್ಕಾಲಕ್ಕೆಂದು ತೆಗೆದಿರಿಸಬೇಕು, ಉಳಿದರ್ಧವನ್ನು ಬಳಸಬೇಕು, ಹೊಸದು ಬಂದಂತೆ ಹಳೆಯದನ್ನು ಬದಲಿಸುತ್ತಿರಬೇಕು ಎಂಬುದು ಅಲ್ಲಿಯ ವಿಧಿ. ಕುಟ್ಟಿದರೆ ಎಷ್ಟು ಕಡಿಮೆಯಾಗುತ್ತದೆ, ಬೇಯಿಸಿದರೆ ಎಷ್ಟು ಹೆಚ್ಚುತ್ತದೆ ಎಂಬ ಲೆಕ್ಕವೂ ಅಲ್ಲಿದೆ. ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇನ್ನೊಂದು ಸಣ್ಣ ಸಂಗತಿ: ಮಳೆಯನ್ನು ಅಳೆಯುವ ಪಾತ್ರೆಯನ್ನು ಉಗ್ರಾಣದಲ್ಲಿಯೇ ಇಡಬೇಕೆಂದು ಆತ ಹೇಳುತ್ತಾನೆ. ಈ ವರ್ಷ ಬಿದ್ದ ಮಳೆಗೂ ಮುಂದಿನ ವರ್ಷದ ಹಸಿವಿಗೂ ನಡುವೆ ನಿಂತವನು ಉಗ್ರಾಣದವನೆಂಬ ಅರಿವಿಲ್ಲದೆ ಈ ಮಾತು ಬಂದೀತೆ? ಈ ಗ್ರಂಥವಾದರೂ ಬಹುಕಾಲ ಕಣ್ಮರೆಯಾಗಿದ್ದು, ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಗಳ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾಯಿತು. ಓಲೆಗಳನ್ನು ಹುಳುವಿಗೆ ಕೊಡದೆ ಯಾರೋ ಕಾಪಿಟ್ಟಿದ್ದರಿಂದಲೇ ಕಾಪಿಡುವ ವಿದ್ಯೆಯ ಪುಸ್ತಕ ನಮಗೆ ದೊರೆಯಿತು.

ಇನ್ನು ನಮ್ಮ ಕಾಲದ ಉಗ್ರಾಣಗಳ ಮಾತು. ಸುಗ್ಗಿಯಲ್ಲಿ ಎಲ್ಲರೂ ಒಮ್ಮೆಗೇ ಮಾರುತ್ತಾರೆ, ಬೆಲೆ ಬೀಳುತ್ತದೆ. ಸಾಲಗಾರ ಅಂಗಳದಲ್ಲಿ ನಿಂತಿರುವಾಗ ರೈತ ಕಾಯಲಾರ. ನಾಲ್ಕು ತಿಂಗಳ ಮೇಲೆ ಬೆಲೆ ಏರಿದಾಗ ಅವನ ಬಳಿ ಮಾರಲು ಏನೂ ಉಳಿದಿರುವುದಿಲ್ಲ. 1954ರಲ್ಲಿ ಪ್ರಕಟವಾದ ಗ್ರಾಮೀಣ ಸಾಲದ ಸಮೀಕ್ಷೆಯ ವರದಿ ಈ ವಿಷವರ್ತುಲವನ್ನು ಕಂಡು ಸಾರ್ವಜನಿಕ ಉಗ್ರಾಣಗಳನ್ನು ಕಟ್ಟಬೇಕೆಂದು ಸೂಚಿಸಿತು. 1956ರಲ್ಲಿ ಕಾಯಿದೆಯಾಯಿತು, 1957ರಲ್ಲಿ ಕೇಂದ್ರ ಉಗ್ರಾಣ ನಿಗಮ ಸ್ಥಾಪನೆಯಾಯಿತು, ರಾಜ್ಯಗಳಲ್ಲಿಯೂ ನಿಗಮಗಳು ಹುಟ್ಟಿಕೊಂಡವು. ರೈತ ತನ್ನ ಧಾನ್ಯವನ್ನು ಉಗ್ರಾಣದಲ್ಲಿಟ್ಟು ರಸೀದಿ ಪಡೆಯುತ್ತಾನೆ. ಆ ರಸೀದಿಯನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟು ಸಾಲ ತೆಗೆಯುತ್ತಾನೆ. ಬೆಲೆ ಬಂದಾಗ ಮಾರಿ ಸಾಲ ತೀರಿಸುತ್ತಾನೆ. 2007ರ ಕಾಯಿದೆ ಈ ರಸೀದಿಗೆ ಕೈಯಿಂದ ಕೈಗೆ ಹೋಗಬಲ್ಲ ಶಕ್ತಿಯನ್ನು ಕೊಟ್ಟಿತು. ಈಗ ಅದು ಕಾಗದವನ್ನೂ ಬಿಟ್ಟು ಎಲೆಕ್ಟ್ರಾನಿಕ್ ರೂಪಕ್ಕೆ ಬಂದಿದೆ. ರೂಪ ಯಾವುದಾದರೇನು? ರಸೀದಿಯ ಬೆಲೆಯೆಲ್ಲ ನಿಂತಿರುವುದು, ಹೇಳಿದ ಧಾನ್ಯ ಹೇಳಿದಷ್ಟು ತೂಕದಲ್ಲಿ ಹೇಳಿದ ಗುಣದಲ್ಲಿ ಒಳಗಿದೆ ಎಂಬ ಒಬ್ಬ ವ್ಯವಸ್ಥಾಪಕನ ಸಹಿಯ ಮೇಲೆ.

ಇದೇ ಈ ಉದ್ಯೋಗದ ಮೊದಲನೆಯ ಸುಗುಣ. ಮಾಡುವ ಕೆಲಸ ಯಾರ ಹೊಟ್ಟೆಗೆ ಹೋಗುತ್ತದೆಂಬುದು ಕಣ್ಣಿಗೆ ಕಾಣುತ್ತದೆ. ನಾನು ಹಳಗನ್ನಡ ಪಾಠ ಹೇಳಿ ಮನೆಗೆ ಬಂದಾಗ ಅದು ಯಾರಲ್ಲಿ ಬೇರೂರಿತೆಂದು ಹತ್ತು ವರ್ಷ ಕಾದರೂ ತಿಳಿಯುವುದಿಲ್ಲ. ಉಗ್ರಾಣದವನಿಗೆ ಆ ಸಂಶಯವಿಲ್ಲ. ನಮ್ಮ ರಾಜ್ಯ ಸಾಲುಸಾಲಾಗಿ ಬರವನ್ನು ಕಂಡ ವರ್ಷಗಳಲ್ಲಿ, 2003ರ ಬೇಸಗೆಯಲ್ಲಿ, ಕೂಲಿಯ ಒಂದು ಭಾಗವನ್ನು ಧಾನ್ಯವಾಗಿ ಕೊಡುತ್ತಿದ್ದಾಗ, ಊರಿಗೆ ಬೇಕಾದ ಅಕ್ಕಿ ತಂದೆಯವರ ಗೋದಾಮಿನಿಂದಲೇ ಹೊರಡುತ್ತಿತ್ತು. ಆ ದಿನಗಳಲ್ಲಿ ಅವರು ರಾತ್ರಿ ದಣಿದು ಬಂದರೂ ಊಟಕ್ಕೆ ಕುಳಿತಾಗ ಅವರ ಮುಖದಲ್ಲಿ ಒಂದು ತೃಪ್ತಿ ಇರುತ್ತಿತ್ತು. ಅದನ್ನು ನಾನು ಬೇರೆ ಯಾವ ನೌಕರರ ಮುಖದಲ್ಲಿಯೂ ಅಷ್ಟು ನಿಚ್ಚಳವಾಗಿ ಕಂಡಿಲ್ಲ.

ಎರಡನೆಯದು, ಈ ಕೆಲಸ ಮನುಷ್ಯನಿಗೆ ಕೊಡುವ ಶಿಕ್ಷಣ. ರೈತ, ವ್ಯಾಪಾರಿ, ಲಾರಿ ಚಾಲಕ, ಹಮಾಲಿ, ಬ್ಯಾಂಕಿನ ಅಧಿಕಾರಿ, ತಪಾಸಣೆಯವರು, ಎಲ್ಲರೂ ಒಂದೇ ಬಾಗಿಲಿಗೆ ಬರುತ್ತಾರೆ. ಮುಷ್ಟಿಯಲ್ಲಿ ಹಿಡಿದ ಕಾಳಿನಿಂದ ಊರನ್ನೂ ಮಣ್ಣನ್ನೂ ಹೇಳುವ ಮುದುಕರು ಅಲ್ಲಿ ಗುರುಗಳಾಗಿ ದೊರೆಯುತ್ತಾರೆ. ಮೂರನೆಯದು, ನಿಶ್ಚಿತವಾದ ಸಂಬಳ. ಸುಗ್ಗಿಯ ಗದ್ದಲ ಮುಗಿದ ಮೇಲೆ ಒಂದಿಷ್ಟು ಬಿಡುವು. ಮಳೆಗಾಲದ ಮಧ್ಯಾಹ್ನಗಳಲ್ಲಿ ಗೋದಾಮಿನ ಮುಂದಿನ ಸಣ್ಣ ಕೋಣೆಯಲ್ಲಿ ಕುಳಿತು ತಂದೆಯವರು ಓದಿದ ಕಾದಂಬರಿಗಳೇ ನನ್ನನ್ನು ಸಾಹಿತ್ಯದ ಕಡೆಗೆ ಎಳೆದವು ಎಂಬುದನ್ನು ನಾನು ಕೃತಜ್ಞತೆಯಿಂದ ಒಪ್ಪಬೇಕು.

ಇಷ್ಟಾದ ಮೇಲೆ ಕಷ್ಟಗಳ ಕಡೆಗೆ ತಿರುಗೋಣ. ಅವೂ ಕಡಿಮೆಯಲ್ಲ.

ಮೈಯ ಕಷ್ಟವನ್ನು ಬೇಗ ಹೇಳಿ ಮುಗಿಸುತ್ತೇನೆ. ಧೂಳು, ಇಲಿ, ಸೆಕೆ. ಸುಗ್ಗಿಯಲ್ಲಿ ನಡುರಾತ್ರಿಗೆ ಬಂದು ನಿಲ್ಲುವ ಲಾರಿಗಳು. ಅಕ್ಕಿಯ ಸೊಂಡಿಲು ಹುಳು ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಡುತ್ತದೆ. ಮರಿ ಒಳಗೇ ತಿಂದು ಬೆಳೆಯುತ್ತದೆ. ಹೊರಗಿನಿಂದ ನೋಡಿದರೆ ಕಾಳು ಇಡಿಯಾಗಿಯೇ ಕಾಣುತ್ತದೆ. ಅದನ್ನು ಕೊಲ್ಲಲು ಚೀಲಗಳ ಅಟ್ಟಿಯನ್ನು ದಪ್ಪ ಹಾಳೆಯಿಂದ ಮುಚ್ಚಿ, ಅಂಚಿಗೆ ಮರಳು ತುಂಬಿದ ಉದ್ದನೆಯ ಚೀಲಗಳನ್ನಿಟ್ಟು, ಒಳಗೆ ಅಲ್ಯೂಮಿನಿಯಂ ಫಾಸ್ಫೈಡಿನ ಮಾತ್ರೆಗಳನ್ನು ಇಡುತ್ತಾರೆ. ಗಾಳಿಯ ತೇವ ತಾಕಿ ಅವುಗಳಿಂದ ಹೊರಡುವ ಫಾಸ್ಫೀನ್ ಅನಿಲ ಹುಳುವನ್ನು ಕೊಲ್ಲುವಂತೆಯೇ ಮನುಷ್ಯನನ್ನೂ ಕೊಲ್ಲಬಲ್ಲದು. ಹಗೇವಿಗೆ ದೀಪ ಇಳಿಸಿದ ಹಿರಿಯರ ಎಚ್ಚರ ಇಲ್ಲಿಯೂ ಬೇಕು.

ಮೈಯ ಕಷ್ಟಕ್ಕಿಂತ ಮನಸ್ಸಿನ ಕಷ್ಟ ದೊಡ್ಡದು. ತನ್ನದಲ್ಲದ ಸೊತ್ತಿಗೆ ತಾನು ಹೊಣೆ. ಇದೇ ಆ ಕಷ್ಟದ ಮೂಲ. ಜೇನು ಕಿತ್ತವನು ಕೈ ನೆಕ್ಕದೆ ಬಿಟ್ಟಾನೆಯೇ ಎಂದು ನಮ್ಮ ಗಾದೆ ಕೇಳುತ್ತದೆ. ನಾಲಗೆಯ ಮೇಲಿನ ಜೇನಿನ ಹೋಲಿಕೆಯನ್ನೇ ಕೌಟಿಲ್ಯನೂ ಅಧಿಕಾರಿಗಳ ವಿಷಯದಲ್ಲಿ ಬಳಸಿದ್ದಾನೆ. ಗಾದೆ ಜಾಣತನದ್ದು ನಿಜ. ಆದರೆ ಕೈ ನೆಕ್ಕದವನ ಗತಿಯೇನು ಎಂಬುದನ್ನು ಅದು ಹೇಳುವುದಿಲ್ಲ. ಅವನ ಮೇಲೂ ಅದೇ ಸಂಶಯ, ಅದೇ ನಗೆ.

ಈ ಮಾತಿಗೆ ನಮ್ಮ ಮನೆಯೇ ಸಾಕ್ಷಿ. 1992ರಲ್ಲಿ ನಾನು ಏಳನೆಯ ತರಗತಿಯಲ್ಲಿದ್ದೆ. ಆ ಚಳಿಗಾಲದಲ್ಲಿ ಸಂಘ 400 ಕ್ವಿಂಟಾಲ್ ಭತ್ತವನ್ನು ಕೊಂಡು ತಂದೆಯವರ ವಶಕ್ಕೆ ಕೊಟ್ಟಿತ್ತು. ಬೇಸಗೆಯ ಕೊನೆಯಲ್ಲಿ ತೂಗಿದಾಗ 11 ಕ್ವಿಂಟಾಲ್ ಕಡಿಮೆ ಬಂತು. ವಿಚಾರಣೆಯೆಂಬ ಹೆಸರಿನಲ್ಲಿ ಅರ್ಧ ದಿನದ ಒಂದು ಸಭೆ ನಡೆಯಿತು. ಕೊರತೆಯ ಹಣವನ್ನು ಅವರ ಸಂಬಳದಿಂದ ಮುರಿದುಕೊಳ್ಳಬೇಕೆಂದು ತೀರ್ಮಾನವಾಯಿತು. ಇಪ್ಪತ್ತು ತಿಂಗಳು ಮುರಿದುಕೊಂಡರು. ಅಷ್ಟೂ ಕಾಲ ನಮ್ಮ ತಾಯಿ ಅಂಗಡಿಯ ಸಾಲದ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ತರುತ್ತಿದ್ದಳು. ಹಣ ಹೋದದ್ದನ್ನು ಸಹಿಸಬಹುದಿತ್ತು. ಶಾಲೆಯಲ್ಲಿ ಒಬ್ಬ ಹುಡುಗ "ನಿಮ್ಮಪ್ಪ ಭತ್ತ ಕದ್ದನಂತೆ" ಎಂದಾಗ ನಾನು ಅವನನ್ನು ಹೊಡೆದೆ. ಆದರೆ ಮನೆಗೆ ಬಂದು ತಂದೆಯ ಮುಖವನ್ನು ನೋಡುವಾಗ ಒಂದು ಕ್ಷಣ ನಾನೂ ಸಂಶಯಪಟ್ಟೆ. ಆ ಒಂದು ಕ್ಷಣಕ್ಕಾಗಿ ನಾನು ಇಂದಿಗೂ ನಾಚುತ್ತೇನೆ.

ಲೆಕ್ಕ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಹೊಸ ಭತ್ತದಲ್ಲಿ ನೀರಿನ ಅಂಶವಿರುತ್ತದೆ. ಸರ್ಕಾರದ ಖರೀದಿಯಲ್ಲಿ ನೂರಕ್ಕೆ 17ರವರೆಗೆ ತೇವವನ್ನು ಒಪ್ಪುತ್ತಾರೆ. 100 ಕ್ವಿಂಟಾಲ್ ಭತ್ತದಲ್ಲಿ 17 ಪಾಲು ನೀರಾದರೆ, ಒಣ ಧಾನ್ಯ 83 ಕ್ವಿಂಟಾಲ್. ಬೇಸಗೆಯ ಗಾಳಿಗೆ ಒಣಗಿ ತೇವ 14ಕ್ಕೆ ಇಳಿದರೆ, ಅದೇ 83 ಕ್ವಿಂಟಾಲ್ ಈಗ ಒಟ್ಟು ತೂಕದ ನೂರರಲ್ಲಿ 86 ಪಾಲಾಗುತ್ತದೆ. ಎಂದರೆ ಒಟ್ಟು ತೂಕ 96 ಕ್ವಿಂಟಾಲಿಗೆ ಮೇಲೆ ಅರ್ಧ. ಒಂದು ಕಾಳನ್ನೂ ಯಾರೂ ಮುಟ್ಟದೆ ಮೂರೂವರೆ ಕ್ವಿಂಟಾಲ್ ಮಾಯ! ಈ ಲೆಕ್ಕದಲ್ಲಿ 400 ಕ್ವಿಂಟಾಲಿಗೆ ಸುಮಾರು 14 ಕ್ವಿಂಟಾಲ್ ಕಡಿಮೆಯಾಗಬೇಕಿತ್ತು. ತಂದೆಯವರಲ್ಲಿ ಆದದ್ದು 11. ಹಾಗಾದರೆ ಕದ್ದವರು ಯಾರು? ಏಪ್ರಿಲ್ ತಿಂಗಳ ಗಾಳಿ. ಆದರೆ ಇದನ್ನು ಸಿದ್ಧಪಡಿಸುವ ದಾರಿ ಇರಲಿಲ್ಲ. ಭತ್ತ ಒಳಗೆ ಬಂದ ದಿನ ಅದರಲ್ಲಿ ತೇವವೆಷ್ಟಿತ್ತೆಂದು ಯಾರೂ ಅಳೆದಿರಲಿಲ್ಲ, ಯಾವ ಪುಸ್ತಕದಲ್ಲಿಯೂ ಬರೆದಿರಲಿಲ್ಲ.

ಪ್ರಾಮಾಣಿಕನಿಗೆ ಬರುವ ಕಷ್ಟ ಇದಾದರೆ, ದಯಾಳುವಿಗೆ ಬರುವ ಕಷ್ಟ ಇನ್ನೊಂದು. ಮಂಗಳವೇಢೆಯ ದಾಮಾಜಿ ಪಂತನ ಕಥೆಯನ್ನು ನಮ್ಮ ಹರಿಕಥೆಗಳಲ್ಲಿ ಕೇಳದವರು ವಿರಳ. ಬೀದರಿನ ಸುಲ್ತಾನನ ಅಧಿಕಾರಿಯಾಗಿದ್ದ ಆತ ಘೋರ ಕ್ಷಾಮದಲ್ಲಿ ಅರಸನ ಕಣಜಗಳನ್ನು ತೆರೆದು ಹಸಿದವರಿಗೆ ಹಂಚಿದ. ಅರಸನು ಕೋಪಗೊಂಡು ಹಿಡಿತರಿಸಿದ. ಆಗ ಪಂಢರಪುರದ ವಿಠಲನೇ ಸೇವಕನ ವೇಷದಲ್ಲಿ ಬಂದು ಧಾನ್ಯದ ಬೆಲೆಯನ್ನು ಕಟ್ಟಿ ಭಕ್ತನನ್ನು ಉಳಿಸಿದನಂತೆ. ಭಕ್ತಿಯ ಕಥೆಯಾಗಿ ಇದು ಮನೋಹರ. ಆದರೆ ಉಗ್ರಾಣದವನ ದೃಷ್ಟಿಯಿಂದ ನೋಡಿದರೆ ಭಯಂಕರ. ಕೊಡದಿದ್ದರೆ ಕಣ್ಣೆದುರಿಗೆ ಜನ ಸಾಯುತ್ತಾರೆ, ಕೊಟ್ಟರೆ ಸ್ವಾಮಿದ್ರೋಹ. ಅರ್ಧ ಧಾನ್ಯ ಆಪತ್ಕಾಲದ ಜನರದೆಂದು ಮೊದಲೇ ವಿಧಿಯಿದ್ದಿದ್ದರೆ ದಾಮಾಜಿಗೆ ದೇವರು ಬಂದು ಹಣ ಕಟ್ಟಬೇಕಾಗಿರಲಿಲ್ಲ. ವ್ಯವಸ್ಥಾಪಕನು ಸಂತನಾಗಿರಲಿ ಎಂದು ಬಯಸುವ ವ್ಯವಸ್ಥೆ ಸರಿಯಾದದ್ದಲ್ಲ. ಸಾಮಾನ್ಯನಾದ ಸಜ್ಜನನೂ ತಲೆಯೆತ್ತಿ ಬಾಳುವಂತೆ ಅದು ಇರಬೇಕು.

ದಾಮಾಜಿಯ ಸಂಕಟ ಎಲ್ಲರಿಗೂ ಬಾರದು. ದಿನನಿತ್ಯ ಬರುವ ಒತ್ತಡ ಇದಕ್ಕಿಂತ ಸಣ್ಣದು, ಕೊಳಕಾದದ್ದು. ರಸೀದಿ ನಾಳೆ ತರುತ್ತೇನೆ, ಮಾಲು ಇಂದು ಬಿಡಿ ಎನ್ನುವ ವ್ಯಾಪಾರಿ. ಹಸಿ ಧಾನ್ಯವನ್ನು ಒಣಗಿದ್ದೆಂದು ಬರೆಯಿರಿ ಎನ್ನುವ ಊರ ಮುಖಂಡ. ಇವನನ್ನು ಎದುರು ಹಾಕಿಕೊಳ್ಳಬೇಡಿ ಎಂದು ಫೋನಿನಲ್ಲಿ ಬರುವ ಹಿತವಚನ. ಬ್ಯಾಂಕಿಗೆ ಒತ್ತೆಯಾಗಿರುವ ಧಾನ್ಯವನ್ನು ಒಂದು ದಿನ ದಾಕ್ಷಿಣ್ಯಕ್ಕೆ ಬಿಟ್ಟರೆ ಮುಗಿಯಿತು. ಆಮೇಲೆ ಆ ಸಹಿಗೆ ಬೆಲೆಯಿಲ್ಲ. ಇಷ್ಟೆಲ್ಲವನ್ನೂ ತಡೆದು ನಿಂತರೆ ದೊರೆಯುವ ಕೀರ್ತಿಯಾದರೂ ಏನು? ಏನೂ ಇಲ್ಲ. ಧಾನ್ಯ ಕೆಟ್ಟರೆ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ಕೆಡದೆ ಉಳಿದ ಧಾನ್ಯದ ಸುದ್ದಿಯನ್ನು ಯಾವ ಪತ್ರಿಕೆ ಅಚ್ಚು ಮಾಡೀತು?

ಹೀಗೆ ಎರಡು ತಟ್ಟೆಗಳನ್ನೂ ತೂಗಿ ನೋಡಿದ ಮೇಲೆ ನನ್ನ ಅಭಿಪ್ರಾಯವಿದು. ಈ ಉದ್ಯೋಗದ ಕಷ್ಟಗಳಲ್ಲಿ ಹುಟ್ಟಿನಿಂದ ಬಂದವು ಕೆಲವೇ. ಧೂಳು, ರಾತ್ರಿಯ ಲಾರಿ, ಹುಳುವಿನ ಚಿಂತೆ, ಇವನ್ನು ಸಹಿಸಲೇಬೇಕು. ಉಳಿದವು ನಮ್ಮ ಅಜ್ಞಾನದಿಂದಲೂ ಅನಾದರದಿಂದಲೂ ಬಂದವು, ಅವನ್ನು ತೆಗೆಯಬಹುದು. ಧಾನ್ಯ ಬಂದ ದಿನವೂ ಹೋಗುವ ದಿನವೂ ತೇವವನ್ನು ಅಳೆದು, ಇಟ್ಟವನ ಎದುರಿನಲ್ಲಿ ಬರೆದು, ಇಬ್ಬರೂ ಸಹಿ ಹಾಕಬೇಕು. ಒಣಗಿ ಕಡಿಮೆಯಾದ ತೂಕವನ್ನು ಲೆಕ್ಕದಿಂದ ಕಳೆದ ಮೇಲೆಯೇ ಕೊರತೆಯ ಮಾತನ್ನು ಎತ್ತಬೇಕು. ದೊಡ್ಡ ಸಂಸ್ಥೆಗಳಲ್ಲಿ ಇಂಥ ಕ್ರಮಗಳು ಇವೆ; ಸಣ್ಣ ಊರಿನ ಗೋದಾಮುಗಳಿಗೂ ಅವು ಬರಬೇಕು. ಬೀಗದ ಕೈಯೂ ಲೆಕ್ಕದ ಪುಸ್ತಕವೂ ಒಬ್ಬರ ಕೈಯಲ್ಲಿಯೇ ಇರಬಾರದು; ಇದು ವ್ಯವಸ್ಥಾಪಕನ ಮೇಲಿನ ಅಪನಂಬಿಕೆಯಲ್ಲ, ಅವನಿಗೆ ರಕ್ಷೆ. ಇನ್ನು ನಮ್ಮ ಪದವೀಧರರ ತಾತ್ಸಾರ. ಬೆಂಗಳೂರಿನ ಸುತ್ತ ಹೊಸಕೋಟೆ, ನೆಲಮಂಗಲದ ಕಡೆಗಳಲ್ಲಿ ಎದ್ದು ನಿಂತಿರುವ ಭಾರಿ ಮಳಿಗೆಗಳಲ್ಲಿ ಇದೇ ಕೆಲಸಕ್ಕೆ ಇಂಗ್ಲಿಷ್ ಹೆಸರು ಬಂದ ಕೂಡಲೆ ಅದಕ್ಕೆ ಗೌರವ ಬರುತ್ತದೆ. ರಾಗಿಯ ಉಗ್ರಾಣದಲ್ಲಿ ಮಾಡಿದರೆ ಅದು ಮೂಟೆ ಎಣಿಸುವುದಾಗುತ್ತದೆ. ಈ ಭೇದಕ್ಕೆ ಅರ್ಥವಿದೆಯೆ?

ಎರಡು ದಿನಗಳ ಮೇಲೆ ಆ ಹುಡುಗಿ ಮತ್ತೆ ಬಂದಳು. ನಾನು ಇಷ್ಟನ್ನೂ ಹೇಳಿ, "ಸೇರಮ್ಮ, ಆದರೆ ಅರಿತು ಸೇರು" ಎಂದೆ. ತಂದೆಯವರು ಬೇಡವೆನ್ನುವರೆಂದು ನಾನು ಕಾದಿದ್ದೆ. ಅವರು ಹಾಗೆನ್ನಲಿಲ್ಲ. ಅವಳನ್ನು ಹತ್ತಿರ ಕರೆದು, "ಬೆಳಿಗ್ಗೆ ಬೀಗ ತೆಗೆದ ಕೂಡಲೆ ಮೊದಲು ಏನು ಮಾಡುತ್ತೀಯೆ, ತಾಯಿ?" ಎಂದು ಕೇಳಿದರು.

"ಮೂಟೆ ಎಣಿಸುತ್ತೇನೆ, ತಾತ."

"ಅಲ್ಲ. ಬಾಗಿಲಲ್ಲಿಯೇ ನಿಂತು ಮೂಸಿ ನೋಡಬೇಕು. ಒಳ್ಳೆಯ ಧಾನ್ಯಕ್ಕೆ ಒಂದು ವಾಸನೆ, ಮುಗ್ಗಿದ್ದಕ್ಕೆ ಒಂದು ವಾಸನೆ. ಮಾತ್ರೆ ಇಟ್ಟ ದಿನಗಳಲ್ಲಿ ಮಾತ್ರ ಬಾಗಿಲ ಹತ್ತಿರವೂ ಸುಳಿಯಬೇಡ. ಎಣಿಸುವುದು ಆಮೇಲೆ ಇದ್ದೇ ಇದೆ. ಇನ್ನೊಂದು ಮಾತು: ತೇವ ಎಷ್ಟಿದೆಯೆಂದು ಬಂದ ದಿನವೇ ಬರೆ. ಯಾರು ಏನೇ ಹೇಳಲಿ, ಬರೆ."

ಆಕೆ ಕೆಲಸಕ್ಕೆ ಸೇರಿ ಈಗ ಮೂರು ವಾರಗಳಾದವು. ಮೊನ್ನೆ ಫೋನು ಮಾಡಿದ್ದಳು. ಮೊದಲ ಲಾರಿಯ ಭತ್ತವನ್ನು ಅಳೆದು ಬರೆದಳಂತೆ. ಹಿಂದಿನ ವರ್ಷಗಳ ಪುಸ್ತಕಗಳನ್ನು ತೆರೆದು ನೋಡಿದರೆ ಆ ಅಂಕಣ ಉದ್ದಕ್ಕೂ ಖಾಲಿಯಾಗಿತ್ತಂತೆ. ನಾನು ಇದನ್ನು ತಂದೆಯವರಿಗೆ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟಿತ್ತಂತೆ?" ಎಂದು ಕೇಳಿದರು.

"ಹದಿನಾರೂವರೆ."

"ಬರೆದಳಲ್ಲ," ಎಂದು ತಂದೆಯವರು ಕನ್ನಡಕವನ್ನು ತೆಗೆದು ಒರೆಸಿಕೊಳ್ಳತೊಡಗಿದರು.